ಕೀಬೋರ್ಡಿನ ಮೇಲೊಂದು ಹುಣಸೆ ಬೀಜ

ಅವರ ಎಡಗಿವಿಯಲ್ಲಿ ಯಾವಾಗಲೂ ಇಯರ್‌ಫೋನಿನ ಒಂದು ತುದಿ ಇರುತ್ತಿತ್ತು. ಇನ್ನೊಂದು ತುದಿಯನ್ನು ಅಂಗಿಯ ಜೇಬಿಗೆ ಇಳಿಬಿಟ್ಟುಕೊಳ್ಳುತ್ತಿದ್ದರು. ಅದು ಅಲ್ಲಿಯೇ ಮಿಡತೆಯ ಹಾಗೆ ಕಿರುಗುಟ್ಟುತ್ತಿತ್ತು. ವೈರು ಸೀಳಿದ ಕಡೆ ಅವರ ಹೆಂಡತಿ ಹೂ ಕಟ್ಟುವ ದಾರವನ್ನು ಒತ್ತಾಗಿ ಸುತ್ತಿದ್ದರು. ಎಡಗಿವಿ ಕಂಪ್ಯೂಟರಿಗೆ, ಬಲಗಿವಿ ಹೊಳಲ್ಕೆರೆ ಬಸ್‌ಸ್ಟ್ಯಾಂಡಿಗೆ ಎಂದು ಅವರು ಹಂಚಿಕೊಂಡಿದ್ದರು. ಕಂಪ್ಯೂಟರು ನನಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಇಂಗ್ಲಿಷು ಓದುತ್ತಿರುವಾಗಲೇ, ನಾನು ಮೆಟ್ಟಿಲಿಳಿದು ಬಂದರೆ ಅವರು ತಲೆ ಎತ್ತದೆ ಹೇಳುತ್ತಿದ್ದರು: "ಏನ್ ತಂಗಿ, ಎಡಗಾಲಿನ ಚಪ್ಪಲಿ ಅಟ್ಟೆ ಬಿಟ್ಟೈತೆ. ಹೊಲಿಸ್ಕಳಬಾರ್ದಾ?"

ಅವರಿಗೆ ಹುಟ್ಟಿನಿಂದ ಕಣ್ಣು ಕಾಣುತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಎದುರು ಎಸ್‌ಟಿಡಿ ಬೂತ್ ಇಟ್ಟುಕೊಂಡಿದ್ದರು. ಊರಿಗೆಲ್ಲ ಅವರು ಬೂತಿನಣ್ಣ. ಅವರ ಬೂತಿನ ಮೇಲಿನ ಮಹಡಿಯಲ್ಲಿದ್ದ ಕಂಪ್ಯೂಟರ್ ತರಬೇತಿ ಕೇಂದ್ರದಲ್ಲಿ ನಾನು ಪಾಠ ಹೇಳಿಕೊಡುತ್ತಿದ್ದೆ. ನಮ್ಮೂರು ಹಿರೇಗುಂಟನೂರು. ಡಿಗ್ರಿ ಮುಗಿಸಿ, ಹೊಳಲ್ಕೆರೆಯ ಚಿಕ್ಕಮ್ಮನ ಮನೆಯಲ್ಲಿ ಇದ್ದುಕೊಂಡು ಕೆಲಸಕ್ಕೆ ಸೇರಿದ ಹೊಸತು. ಪಿಯುಸಿಯಿಂದಲೂ ದಿನಚರಿ ಬರೆಯುವ ಅಭ್ಯಾಸ ನನ್ನದು. ಯಾವ ದಿನ ಯಾವ ಬಸ್ಸು ತಪ್ಪಿತು, ಯಾವ ಬ್ಯಾಚಿಗೆ ಎಷ್ಟು ಹುಡುಗರು ಬಂದರು ಎಂಬುದೆಲ್ಲ ಅದರಲ್ಲಿರುತ್ತದೆ. ೨೦೦೮ರ ಪುಟಗಳನ್ನು ತಿರುವಿದರೆ ಎಲ್ಲ ಕಡೆಯೂ ಬೂತಿನಣ್ಣನೇ.

ಆ ಹೊತ್ತಿಗೆ ಎಲ್ಲರ ಜೇಬಿಗೂ ಮೊಬೈಲು ಬಂದು ಬೂತಿನ ಫೋನುಗಳು ಸುಮ್ಮನಾಗಿದ್ದವು. ಅಣ್ಣ ಇದನ್ನು ಮೊದಲೇ ಊಹಿಸಿ ಬೆಂಗಳೂರಿಗೆ ಹೋಗಿ, ಕಣ್ಣಿಲ್ಲದವರಿಗೆ ಕಂಪ್ಯೂಟರು ಕಲಿಸುವ ಕಡೆ ತರಬೇತಿ ಪಡೆದು, ಒಂದು ಸೆಕೆಂಡ್‌ಹ್ಯಾಂಡ್ ಯಂತ್ರ ತಂದಿದ್ದರು. ಪರದೆಯ ಮೇಲಿದ್ದುದನ್ನು ಗಟ್ಟಿಯಾಗಿ ಓದುವ ತಂತ್ರಾಂಶ ಅದರಲ್ಲಿತ್ತು. ಆದರೆ ಅದು ಮಾದರಿಗೆಂದು ಬಿಟ್ಟಿಯಾಗಿ ಕೊಡುವ ಪ್ರತಿ. ನಲವತ್ತು ನಿಮಿಷ ಮಾತಾಡಿ ಬಾಯಿ ಮುಚ್ಚಿಕೊಳ್ಳುತ್ತಿತ್ತು. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದರೆ ಇನ್ನೊಂದು ನಲವತ್ತು ನಿಮಿಷ.

"ನಮ್ದು ಇಸ್ಕೂಲಿದ್ದಂಗೆ ತಂಗಿ. ನಲವತ್ತು ನಿಮಿಷಕ್ಕೊಂದು ಪೀರಿಯಡ್ಡು. ಬೆಲ್ ಹೊಡೀತು ಅಂದ್ರೆ ಮೇಡಮ್ಮಾರು ಎದ್ದು ಹೋದ್ರು" ಎಂದು ನಗುತ್ತಿದ್ದರು. ಮೇಡಮ್ಮನವರು ಎದ್ದು ಹೋದಾಗ ಅವರೂ ಎದ್ದು, ಸೊಂಟ ನೆಟಿಗೆ ತೆಗೆದು, ಪಕ್ಕದ ಅಂಗಡಿಯಿಂದ ಅರ್ಧ ಟೀ ತರಿಸಿಕೊಂಡು ಕುಡಿಯುತ್ತಿದ್ದರು. ಅಷ್ಟರಲ್ಲಿ ಯಂತ್ರ ಏಳುತ್ತಿತ್ತು. ಊರವರಿಗೆ ಅರ್ಜಿ, ಬಯೋಡೇಟಾ ಟೈಪು ಮಾಡಿಕೊಡುವುದು ಅವರ ಹೊಸ ಕಸುಬು.

ಅವರು ಹೆದರುತ್ತಿದ್ದುದು ಒಂದಕ್ಕೆ ಮಾತ್ರ. ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ವೈರಸ್ ಹತ್ತಿ ಯಂತ್ರ ಏಳುತ್ತಿರಲಿಲ್ಲ. ಆಗ ಚಿತ್ರದುರ್ಗದಿಂದ ಸರ್ವೀಸಿನವನು ಬಂದು ವಿಂಡೋಸನ್ನು ಹೊಸದಾಗಿ ಹಾಕಬೇಕು. ಹಾಗೆ ಹಾಕುವಾಗ ಯಂತ್ರ ಮಾತಾಡುವುದಿಲ್ಲ. ಪರದೆ ನೋಡಿಯೇ ಹಾಕಬೇಕು. ಸರ್ವೀಸಿನವನು ಬರುವತನಕ ಅಣ್ಣ ಆರಿದ ಯಂತ್ರದ ಮುಂದೆ ಕೂತಿರುತ್ತಿದ್ದರು. ಬಂದವನು, "ಸ್ವಲ್ಪ ಏಳ್ರಿ ಸಾರ್" ಎಂದು ಅವರನ್ನು ಎಬ್ಬಿಸಿ ಕೂತು, ಟಕಟಕ ಏನೇನೋ ಒತ್ತಿ, ಏನು ಮಾಡಿದೆನೆಂದು ಹೇಳದೆ ಹೋಗುತ್ತಿದ್ದ.

"ಯಾರೋ ನಮ್ಮನಿಗೆ ಬಂದು ಸಾಮಾನೆಲ್ಲ ಜರುಗ್ಸಿ ಹೋದಂಗೆ ಆಗ್ತತೆ" ಎಂದಿದ್ದರು ಒಮ್ಮೆ. "ರಸ್ತೆ ದಾಟ್ಸಾಕೆ ಹತ್ತು ಜನ ಬರ್ತಾರೆ ಕಣವ್ವ. ಮನೆ ಬೀಗದ ಕೈ ನಂಗೆ ಕೊಡ್ರಿ ಅಂದ್ರೆ ಒಬ್ರೂ ಕೊಡಲ್ಲ."

ಆ ವರ್ಷದ ಮುಂಗಾರಿನಲ್ಲಿ, ಅವರು ಚಿಕ್ಕಂದಿನಲ್ಲಿ ಓದಿದ್ದ ಚಿತ್ರದುರ್ಗದ ಅಂಧ ಮಕ್ಕಳ ವಸತಿಶಾಲೆಯ ಹೆಡ್‌ಮಾಸ್ಟರು ಬೂತಿಗೆ ಬಂದರು. ಯಾರೋ ದಾನಿಗಳು ಶಾಲೆಗೆ ಆರು ಕಂಪ್ಯೂಟರು ಕೊಟ್ಟಿದ್ದರಂತೆ. ಹಾಡು ಹಾಕಿಕೊಂಡು ಕೇಳುವುದು ಬಿಟ್ಟರೆ ಇನ್ನೇನೂ ಕಲಿಸುವವರಿಲ್ಲದೆ ಅವು ಬಟ್ಟೆ ಹೊದ್ದುಕೊಂಡು ಕೂತಿದ್ದವಂತೆ. ಅಣ್ಣ ಬಂದರೆ ಕೆಲಸ, ಇರಲು ಕ್ವಾರ್ಟರ್ಸು. ನಾನು ಮೂಲೆಯಲ್ಲಿ ನಿಂತು ಮನೆಗೆ ಫೋನು ಮಾಡುತ್ತಿದ್ದೆ, ಎಲ್ಲವೂ ಕೇಳಿಸುತ್ತಿತ್ತು.

"ನಿನ್ನ ಬಿಟ್ಟು ಇನ್ಯಾರನ್ನ ಕರೀಲಪ್ಪ ನಾನು?" ಎಂದರು ಹೆಡ್‌ಮಾಸ್ಟರು. "ಆದ್ರೆ ಕಮಿಟಿಯೋರು ಒಂದು ಮಾತು ಕೇಳ್ತಾರೆ. ಮಿಷನ್ ಕೆಟ್ರೆ ಯಾರು ನೋಡ್ಕಂತಾರೆ? ಕಣ್ಣಿರೋ ಇನ್ನೊಬ್ರನ್ನ ಜೊತೆಗೆ ಇಡಬೇಕು ಅಂದ್ರೆ, ಆ ಕಣ್ಣಿರೋರನ್ನೇ ತಗಳ್ಳಾಣ ಬಿಡ್ರಿ ಅಂತಾರೆ."

"ನಾನೇ ನೋಡ್ಕಂತೀನಿ ಸಾರ್" ಎಂದುಬಿಟ್ಟರು ಅಣ್ಣ.

"ಖಾಲಿ ಮಿಷನ್‌ಗೆ ಎಲ್ಲಾ ಹಾಕಿ, ಏಳ್ಸಿ, ಮಾತಾಡ್ಸಿ ತೋರಿಸ್ತೀಯಾ? ಯಾರೂ ಮುಟ್ಟಬಾರ್ದು."

"ದಸರಾ ರಜೆ ಮುಗೀಲಿ, ತೋರಿಸ್ತೀನಿ."

ಹೆಡ್‌ಮಾಸ್ಟರು ಬಸ್ಸು ಹತ್ತಿದ ಮೇಲೆ ಅಕ್ಕ, ಅಂದರೆ ಅವರ ಹೆಂಡತಿ, ಹೂವಿನ ಬುಟ್ಟಿ ಕೆಳಗಿಟ್ಟು ಕೇಳಿದರು. ಅವರು ಬೂತಿನ ಬಾಗಿಲಲ್ಲೇ ಕೂತು ಹೂ ಕಟ್ಟಿ ಮಾರುತ್ತಿದ್ದರು. "ಏನ್ರೀ, ನಿಮಗೆ ಬರ್ತತಾ ಅದು?"

"ಇಲ್ಲ" ಎಂದರು ಅಣ್ಣ. "ಅದ್ಕೇ ದಸರಾ ಅಂದಿದ್ದು."

ಆ ದಿನದ ಪುಟದಲ್ಲಿ ನಾನು ಬರೆದದ್ದು ಒಂದೇ ಸಾಲು: 'ಅಣ್ಣನಿಗೆ ಮುರಿಯಲು ಒಂದು ಯಂತ್ರ ಬೇಕು.'

ಅಂಥ ಯಂತ್ರ ನನ್ನ ಹತ್ತಿರವಿತ್ತು. ನಮ್ಮ ಕೇಂದ್ರದ ಮಾಲೀಕರು ಯಂತ್ರಗಳ ಮೇಲೆ ಹೊಸದೇನನ್ನೂ ಹಾಕಕೂಡದೆಂದು ಕಟ್ಟುನಿಟ್ಟು ಮಾಡಿದ್ದರು. ನನಗೋ ವಿಂಡೋಸಿನ ಬದಲು ಹಾಕಿಕೊಳ್ಳಬಹುದಾದ ಲಿನಕ್ಸ್ ಕಲಿಯುವ ಆಸೆ. ಹುಡುಕುತ್ತಾ ಹೋದಾಗ ಇಂಟರ್‌ನೆಟ್ಟಿನಲ್ಲಿ ಬಿಟ್ಟಿಯಾಗಿ ಸಿಗುವ ಒಂದು ತಂತ್ರಾಂಶ ಸಿಕ್ಕಿತ್ತು. ಅದನ್ನು ಹಾಕಿಕೊಂಡರೆ, ಇದ್ದ ಕಂಪ್ಯೂಟರಿನ ಒಳಗೇ ಇನ್ನೊಂದು ಕಂಪ್ಯೂಟರು ಕಟ್ಟಬಹುದು. ಅದಕ್ಕೆ ತನ್ನದೇ ಡಿಸ್ಕು, ತನ್ನದೇ ಮೆಮೊರಿ. ಅದರಲ್ಲಿ ಬೇರೆ ವಿಂಡೋಸ್ ಹಾಕು, ಲಿನಕ್ಸ್ ಹಾಕು, ಎಲ್ಲ ಅಳಿಸಿ ಹಾಕು. ಹೊರಗಿನ ಯಂತ್ರಕ್ಕೆ ಒಂದು ಗೀರೂ ಬೀಳುವುದಿಲ್ಲ. ಮಾಲೀಕರ ಅಪ್ಪಣೆ ಪಡೆದು ಒಂದೇ ಯಂತ್ರದಲ್ಲಿ ಅದನ್ನು ಇಟ್ಟುಕೊಂಡಿದ್ದೆ. ಲಿನಕ್ಸಿನ ಸಿ.ಡಿ. ಕೂಡ ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆ ಬರುತ್ತಿದ್ದ ಕಾಲ ಅದು. ಆ ಸಿ.ಡಿ.ಯಲ್ಲಿ ಅಣ್ಣನಿಗೆ ಬೇಕಾದದ್ದೊಂದಿತ್ತು: ಹಾಕಲು ತೊಡಗಿದಾಗಲೇ ಒಂದೆರಡು ಕೀ ಒತ್ತಿದರೆ ಅದು ಮೊದಲಿನಿಂದಲೇ ಮಾತಾಡುತ್ತಿತ್ತು. ನಲವತ್ತು ನಿಮಿಷದ ಬೆಲ್ಲೂ ಅದಕ್ಕಿರಲಿಲ್ಲ.

ಪರದೆಯಲ್ಲಿ ಒಂದು ಚೌಕ, ಚೌಕದೊಳಗೆ ಇನ್ನೊಂದು ಪರದೆ ಎಂದು ನನ್ನ ಹುಡುಗರಿಗೆ ಹೇಳಿದರೆ ಮುಗಿಯುತ್ತಿತ್ತು. ಪರದೆಯನ್ನೇ ಕಾಣದವರಿಗೆ ಹೇಗೆ ಹೇಳುವುದು? ನಾನು ತಡವರಿಸುತ್ತಿದ್ದಾಗ ಅವರೇ ದಾರಿ ಮಾಡಿಕೊಂಡರು.

"ಅಂದ್ರೆ ಒಂದು ಲೈನಿಗೆ ಎರಡು ಫೋನ್ ಇದ್ದಂಗೆ?"

"ಹಂಗಲ್ಲಣ್ಣ. ಒಳಗಿಂದಕ್ಕೆ ತಾನು ಇನ್ನೊಂದರ ಒಳಗಿದೀನಿ ಅಂತಾನೇ ಗೊತ್ತಿಲ್ಲ. ತಾನೇ ನಿಜವಾದ ಕಂಪ್ಯೂಟರು ಅನ್ಕಂಡೈತೆ."

ಅಣ್ಣ ಭುಜ ಕುಲುಕಿಸಿ ನಕ್ಕರು. "ಪಾಪ. ಹೇಳಬ್ಯಾಡ ಬಿಡವ್ವ, ಬೇಜಾರ್ ಮಾಡ್ಕಂತದೆ."

ನಮ್ಮ ಕೇಂದ್ರದಲ್ಲಿ ಕೆಟ್ಟು ಮೂಲೆ ಸೇರಿದ್ದ ಯಂತ್ರದಿಂದ, ಮಾಲೀಕರನ್ನು ಕೇಳಿ, ಒಂದು ಮೆಮೊರಿ ಕಡ್ಡಿ ತೆಗೆದು ಬೂತಿನ ಯಂತ್ರಕ್ಕೆ ಸಿಕ್ಕಿಸಿದೆ. ಒಳಗಿನ ಯಂತ್ರ ಕಟ್ಟಿ ಮುಗಿಸಿದ ದಿನವೇ ಅಣ್ಣ ಒಂದು ಕರಾರು ಹಾಕಿದರು.

"ತಂಗಿ, ನೀನು ಪಕ್ಕದಾಗೆ ಕುಂತ್ಕ. ಆದ್ರೆ ಕೈ ಕಟ್ಕಂಡು ಕುಂತ್ಕ. ನಾನು ಬಾವಿಗೆ ಬೀಳ್ತಿದ್ರೂ ಕೈ ಬಿಚ್ಚಬ್ಯಾಡ. ಕೇಳಿದ್ರೆ ಮಾತ್ರ ಬಾಯಿ ಬಿಡು."

"ಸುಲಭ ಬಿಡಣ್ಣ" ಎಂದೆ.

ಸುಲಭವಾಗಿರಲಿಲ್ಲ. ಅವರು ಒಂದು ಕೀ ಹುಡುಕಲು ತಡಮಾಡಿದರೆ ನನ್ನ ಬಲಗೈ ತಾನಾಗಿ ಹಾರಿ ಮೌಸಿನ ಮೇಲೆ ಕೂರುತ್ತಿತ್ತು. ಬಳೆಯ ಸದ್ದಿಗೇ ಅವರಿಗೆ ಗೊತ್ತಾಗುತ್ತಿತ್ತು. "ಬಂತು ನೋಡು ಹದ್ದು" ಎನ್ನುತ್ತಿದ್ದರು. ಅವತ್ತಿನಿಂದ ದಿನಚರಿಯಲ್ಲಿ 'ಹದ್ದು' ಎಂಬ ಹೊಸ ಕಲಮು ಶುರುವಾಯಿತು. ಕೈ ಚಾಚಿದ ಸಲಕ್ಕೊಂದು ಗೀಟು. ಮೊದಲ ದಿನ ಹನ್ನೊಂದು ಗೀಟುಗಳಿವೆ. ಎರಡನೆಯ ವಾರ ಅಕ್ಕ ಒಂದು ಮೊಳ ಕನಕಾಂಬರ ಕಟ್ಟಿ, ಮುಡಿಸುವ ಬದಲು ನನ್ನ ಎರಡೂ ಕೈಗೆ ಸುತ್ತಿದರು. "ಕೈ ಆಡ್ಸಿದ್ರೆ ಹೂವು ಬಾಡ್ತತೆ, ಸುಮ್ನೆ ಕುಂತ್ಕ" ಎಂದರು.

ಹೊರಗಿನ ಯಂತ್ರಕ್ಕೊಂದು ಧ್ವನಿ, ಒಳಗಿನದಕ್ಕೊಂದು. ಹೊರಗಿನದನ್ನು ಅಣ್ಣ 'ದೊಡ್ಡವಳು' ಎಂದೂ ಒಳಗಿನದನ್ನು 'ಚಿಕ್ಕವಳು' ಎಂದೂ ಕರೆದರು. ಕೆಲವೊಮ್ಮೆ ಇಬ್ಬರೂ ಒಟ್ಟಿಗೆ ಶುರು ಮಾಡುತ್ತಿದ್ದರು.

"ಒಳಗೊಬ್ಬಳು, ಹೊರಗೊಬ್ಬಳು" ಎಂದು ಅಕ್ಕ ಮೂದಲಿಸುತ್ತಿದ್ದರು. "ಮೂರನೇದಾಗಿ ನಾನು ಮಾತಾಡಿದ್ರೆ ನಿಮ್ಮ ಅಣ್ಣಂಗೆ ಕೇಳಿಸದೇ ಇಲ್ಲ."

"ನಿನಗೆ ಬೆಲ್ಲೇ ಹೊಡಿಯಲ್ವಲ್ಲೇ" ಎನ್ನುತ್ತಿದ್ದರು ಅಣ್ಣ.

ಒಳಗಿನಿಂದ ಹೊರಗೆ ಬರಲು ಕೀಬೋರ್ಡಿನ ಬಲಗಡೆಯ ಕಂಟ್ರೋಲ್ ಕೀ ಒತ್ತಬೇಕು. ಆ ಕೀಗೆ ಅವರು ಹೊಸ್ತಿಲು ಎಂದು ಹೆಸರಿಟ್ಟರು. ಯಂತ್ರದ ಸ್ಥಿತಿಯನ್ನು ಇದ್ದ ಹಾಗೇ ಒಂದು ಕಡೆ ಹಿಡಿದಿಟ್ಟು, ಕೆಟ್ಟರೆ ಅಲ್ಲಿಗೇ ಮರಳುವ ಸೌಲಭ್ಯವೂ ಆ ತಂತ್ರಾಂಶದಲ್ಲಿತ್ತು. ಅದಕ್ಕೆ ಮಕ್ಕಳ ಆಟದ ಭಾಷೆಯಲ್ಲಿ 'ಟೈಂಪ್ಲೀಸ್' ಎಂದರು. ಟೈಂಪ್ಲೀಸ್ ಹಾಕಿಕೊಂಡು, ಬೇಕೆಂದೇ ಒಂದೊಂದನ್ನು ಕೆಡಿಸುತ್ತಿದ್ದರು. ಈ ಕಡತ ತೆಗೆದರೆ ಏನಾಗುತ್ತದೆ? ಹಾಕುತ್ತಿರುವಾಗ ಅರ್ಧಕ್ಕೆ ಆರಿಸಿದರೆ? ಏನಾಯಿತೆಂದು ಕೇಳಿಸಿಕೊಂಡು, ಹಿಂದಕ್ಕೆ ಹೋಗಿ, ಮತ್ತೆ ಮೊದಲಿನಿಂದ. ಕಲಿತದ್ದನ್ನೆಲ್ಲ ಹೊರಗಿನ ಯಂತ್ರದಲ್ಲಿ ಟೈಪು ಮಾಡಿ ಇಟ್ಟುಕೊಳ್ಳುತ್ತಿದ್ದರು. ಯಾವ ಹೆಜ್ಜೆಯಲ್ಲಿ ಯಾವ ಕೀ, ಚಿಕ್ಕವಳು ಏನೆಂದರೆ ಏನರ್ಥ ಎಂಬುದೆಲ್ಲ ಅದರಲ್ಲಿತ್ತು. ಮುಂದೆ ಮಕ್ಕಳಿಗೆ ಹೇಳಿಕೊಡುವ ಪಾಠವೂ ಅದೇ, ಪರೀಕ್ಷೆಯ ದಿನ ತಮಗೆ ಆಧಾರವೂ ಅದೇ ಎಂದು ಅವರ ಎಣಿಕೆ.

ಗಣೇಶನ ಹಬ್ಬ ಕಳೆದ ವಾರ ಅನಾಹುತವಾಯಿತು. ಅಣ್ಣ ಎಂದಿನಂತೆ ಒಳಗೆ ಆಟವಾಡುತ್ತಿದ್ದರು. ಬರೆದಿಟ್ಟದ್ದೇನನ್ನೋ ನೋಡಲು ಹೊಸ್ತಿಲು ದಾಟಿ ಹೊರಬಂದರು. ಸರಿಯಾಗಿ ಅದೇ ಹೊತ್ತಿಗೆ ದೊಡ್ಡವಳ ನಲವತ್ತು ನಿಮಿಷ ಮುಗಿಯಿತು. ಹೊರಗೆ ಧ್ವನಿಯೇ ಇಲ್ಲ. ಒಳಗೆ ಚಿಕ್ಕವಳು ಮಾತ್ರ ಅರ್ಧ ಓದಿದ್ದನ್ನು ಮುಂದುವರಿಸುತ್ತಿದ್ದಾಳೆ. ಕೇಳಿಸುತ್ತಿರುವುದು ಚಿಕ್ಕವಳ ದನಿ, ಆದ್ದರಿಂದ ನಾನಿನ್ನೂ ಒಳಗೇ ಇದ್ದೇನೆ ಎಂದುಕೊಂಡರು ಅಣ್ಣ. ಎಲ್ಲವನ್ನೂ ಆಯ್ದುಕೊಂಡು, ಕಸದ ಬುಟ್ಟಿಗೂ ಹೋಗದಂತೆ ಅಳಿಸುವ ಕೀಗಳನ್ನು ಒತ್ತಿ, ಎಂಟರ್ ಹೊಡೆದರು. ನನ್ನ ಕೈ ಕಟ್ಟಿತ್ತು. ಬಾಯಿ ತೆರೆಯುವಷ್ಟರಲ್ಲಿ ಮುಗಿದಿತ್ತು.

"ಯಾಕೋ ಅಳಿಸಿದ್ದನ್ನ ಹೇಳ್ತಾನೇ ಇಲ್ಲ ಇವಳು" ಎಂದರು.

"ಅಣ್ಣಾ, ನೀವು ಹೊರಗಿದ್ರಿ" ಎಂದೆ. "ಪಾಠ ಬರೆದಿಟ್ಟ ಫೋಲ್ಡರಣ್ಣ ಅದು."

ಅವರ ಬೆರಳುಗಳು ಕೀಬೋರ್ಡಿನ ಮೇಲೆ ಹಾಗೇ ನಿಂತವು. ಅಷ್ಟು ದಿನ ಬರೆದಿಟ್ಟದ್ದು ಒಂದಕ್ಷರವೂ ಉಳಿದಿರಲಿಲ್ಲ. ದಸರಾಕ್ಕೆ ಹೆಚ್ಚು ದಿನವಿರಲಿಲ್ಲ. ಅಷ್ಟರಲ್ಲಿ ಬಾಗಿಲಿಂದ ಅಕ್ಕ ಸಿಡಿದರು.

"ಎಷ್ಟು ದಿನದಿಂದ ಕುಂತು ಟಪಟಪ ಅಂತಿದ್ರಿ! ಎಲ್ಲಾ ಹೋಯ್ತಾ? ನೋಡ್ಕಂಡು ಒತ್ತಾಕೆ ಏನಾಗಿತ್ತು ನಿಮಗೆ?"

ಆಡಿದ ಮಾತು ಅವರಿಗೇ ಕೇಳಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ನಾನು ನೆಲ ನೋಡಿದೆ. ಅಣ್ಣನ ಜೇಬಿನಲ್ಲಿ ಚಿಕ್ಕವಳೊಬ್ಬಳೇ ಏನನ್ನೋ ಓದುತ್ತಿದ್ದಳು.

ಅಣ್ಣ ಕುರ್ಚಿ ಸಮೇತ ನನ್ನತ್ತ ತಿರುಗಿದರು. ಮುಖ ಊರಗಲವಾಗಿತ್ತು. "ಕೇಳಿಸ್ಕಂಡ್ಯಾ ತಂಗಿ? ಬೈದಳು!"

ಆಮೇಲೆ ಅವರು ಹೇಳಿದ್ದನ್ನು ಅವತ್ತೇ ಬರೆದಿಟ್ಟುಕೊಂಡಿದ್ದೇನೆ. "ನಮ್ಮನ್ಯಾಗೆ ಐದು ಜನ ಮಕ್ಳು. ನಮ್ಮಣ್ಣ ಗಡಿಗೆ ಒಡೆದ, ಬೈಸ್ಕಂಡ. ನಮ್ಮಕ್ಕ ಲಾಟೀನಿನ ಬುರುಡೆ ಒಡೆದ್ಲು, ಏಟು ತಿಂದ್ಲು. ನಂಗೆ ಯಾರೂ ಬೈಲಿಲ್ಲವ್ವ. ನಾನು ಹತ್ರ ಹೋದೆ ಅಂದ್ರೆ ಸಾಮಾನೇ ತೆಗೆದು ನಾಗಂದಿಗೆ ಮ್ಯಾಲೆ ಇಡೋರು. ಒಡೆಯಾಕೂ ನಂಗೊಂದು ಸಿಗ್ಲಿಲ್ಲ. ನಲವತ್ತು ವರ್ಸಕ್ಕೆ ಇವತ್ತು ನನ್ನ ಕೈಯಾಗೆ ಒಂದು ಸಾಮಾನು ಒಡೀತು, ಬೈಸ್ಕಂಡೆ." ಅಕ್ಕನ ಕಡೆ ಮುಖ ಮಾಡಿ, "ಇನ್ನೊಂದ್ಸಲ ಬೈಯೇ" ಎಂದರು.

"ಹೋಗ್ರೀ" ಎಂದು ಅಕ್ಕ ಕಣ್ಣೊರೆಸಿಕೊಂಡು ಟೀ ತರಲು ಹೋದರು.

ಮರುದಿನ ನಾನು ಬರುವಷ್ಟರಲ್ಲಿ ಬಲಗಡೆಯ ಕಂಟ್ರೋಲ್ ಕೀಯ ಮೇಲೆ ಅರ್ಧ ಹುಣಸೆ ಬೀಜ ಕೂತಿತ್ತು. ಪಗಡೆಯಾಡುವ ಹೆಂಗಸರು ತೇಯುವ ಹಾಗೆ, ಅಕ್ಕ ಅದರ ಒಂದು ಮೈಯನ್ನು ಬಚ್ಚಲ ಕಲ್ಲಿಗೆ ತೇದು ಚಪ್ಪಟೆ ಮಾಡಿ, ಅಂಟು ಹಾಕಿ ಕೂರಿಸಿದ್ದರು. ಅಂದಿನಿಂದ ಅಣ್ಣನಿಗೊಂದು ನೇಮವಾಯಿತು. ಏನನ್ನಾದರೂ ಮುರಿಯುವ ಮೊದಲು ಬಲಗೈ ಕಿರುಬೆರಳಿನಿಂದ ಬೀಜ ಮುಟ್ಟಿ, ಹೊಸ್ತಿಲನ್ನು ಒಮ್ಮೆ ದಾಟಿ, ಮತ್ತೆ ಒಳಗೆ ಬಂದು, ಯಾರು ಓಗೊಡುತ್ತಾರೆಂದು ಕೇಳಿಸಿಕೊಳ್ಳುವುದು. "ಬಾಗಿಲು ಬಡಿದು ಯಾರವ್ವ ಒಳಗೆ ಅಂತ ಕೇಳ್ದಂಗೆ" ಎನ್ನುತ್ತಿದ್ದರು. ಚಿಕ್ಕವಳು ಓಗೊಟ್ಟರೆ ಮಾತ್ರ ಎಂಟರ್.

ಪಾಠವನ್ನು ಮತ್ತೆ ಟೈಪು ಮಾಡಲಿಲ್ಲ. "ಹೋಗಿದ್ದು ಹೋಯ್ತು. ಬರೆದಿಟ್ಕಂಡಿದ್ರೆ ಅದನ್ನೇ ನೆಚ್ಕಂತಿದ್ದೆ" ಎಂದು ಬೆಳಿಗ್ಗೆಯೊಂದು ಸಲ, ಮಧ್ಯಾಹ್ನವೊಂದು ಸಲ ಒಳಗಿನ ಯಂತ್ರಕ್ಕೆ ಲಿನಕ್ಸ್ ಹಾಕಿದರು, ಅಳಿಸಿದರು. ದಸರೆಯ ಹೊತ್ತಿಗೆ ನನ್ನ ಹದ್ದಿನ ಕಲಮಿನಲ್ಲಿ ದಿನಕ್ಕೆ ಒಂದು ಗೀಟಿದ್ದರೆ ಹೆಚ್ಚು.

ರಜೆ ಮುಗಿದ ಸೋಮವಾರ ಮೂವರೂ ಚಿತ್ರದುರ್ಗದ ಬಸ್ಸು ಹತ್ತಿದೆವು. ಅಕ್ಕ ಕಿಟಕಿ ಪಕ್ಕ, ನಡುವೆ ಅಣ್ಣ, ತುದಿಗೆ ನಾನು. ಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ ಎಂದೆ.

"ಎಷ್ಟು ರೆಕ್ಕೆ?" ಎಂದು ಕೇಳಿದರು.

"ಮೂರು."

"ನಮ್ಮ ಬೂತಿನ ಫ್ಯಾನಿಗೂ ಮೂರೇ" ಎಂದರು. ದಾರಿಯುದ್ದಕ್ಕೂ ತೊಡೆಯ ಮೇಲೆ ಅವರ ಬೆರಳುಗಳು ಕೀ ಒತ್ತುತ್ತಿದ್ದವು.

ಶಾಲೆಯ ಕೋಣೆಯಲ್ಲಿ ಹೆಡ್‌ಮಾಸ್ಟರು ಒಂದು ಯಂತ್ರದ ಬಟ್ಟೆ ತೆಗೆಸಿ ಕಾಯುತ್ತಿದ್ದರು. ಕಿಟಕಿಯ ಹೊರಗೆ ಮಕ್ಕಳು ಸರಳು ಹಿಡಿದು, ಕಿವಿ ಒಳಕ್ಕೆ ಚಾಚಿ ನಿಂತಿದ್ದರು. ಅಕ್ಕ ಬಾಗಿಲ ಬಳಿ ಕೂತರು. ನಾನು ಪಕ್ಕದ ಕುರ್ಚಿಯಲ್ಲಿ ಕೈ ಕಟ್ಟಿ ಕೂತೆ.

"ಇವರ್ಯಾರು?" ಎಂದರು ಹೆಡ್‌ಮಾಸ್ಟರು.

"ಏನೂ ಮಾಡದೆ ಇರಾಕೆ ಬಂದವಳು ಸಾರ್" ಎಂದರು ಅಣ್ಣ.

ಸಿ.ಡಿ. ಹಾಕಿದರು. ಯಂತ್ರ ಹಚ್ಚಿದರು. ಸದ್ದು ಕೇಳುತ್ತಾ, ಸರಿಯಾದ ಹೊತ್ತಿಗೆ ಸರಿಯಾದ ಕೀಗಳನ್ನು ಒತ್ತಿದರು. ಕಾದರು. ಬೂತಿನಲ್ಲಾದರೆ ಇಷ್ಟು ಹೊತ್ತಿಗೆ ಚಿಕ್ಕವಳ ದನಿ ಬರಬೇಕಿತ್ತು. ಬರಲಿಲ್ಲ. ಇನ್ನಷ್ಟು ಕಾದರು. ಕಿಟಕಿಯ ಬಳಿ ಮಕ್ಕಳು ಪಿಸುಗುಟ್ಟತೊಡಗಿದರು.

ನನಗೆ ಎಲ್ಲ ಕಾಣುತ್ತಿತ್ತು. ಪರದೆಯ ಮೇಲೆ ಲಿನಕ್ಸ್ ಎದ್ದು ನಿಂತಿತ್ತು. ಓದುವ ತಂತ್ರಾಂಶವೂ ಎದ್ದಿತ್ತು. ಅಣ್ಣ ಒಂದು ಹೆಜ್ಜೆಯನ್ನೂ ತಪ್ಪಿರಲಿಲ್ಲ. ಯಂತ್ರದ ಪಕ್ಕದ ಪುಟ್ಟ ಸ್ಪೀಕರಿನ ಹಸಿರು ದೀಪ ಮಾತ್ರ ಉರಿಯುತ್ತಿರಲಿಲ್ಲ, ಅಷ್ಟೆ. 'ಸ್ಪೀಕರ್' ಎಂಬ ಒಂದೇ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆ ಮಾತಾಡಿದ್ದರೆ ಯಂತ್ರ ಮಾತಾಡುತ್ತಿತ್ತು. ಅಣ್ಣನ ಕೆಲಸ ಹೋಗುತ್ತಿತ್ತು. ಕೈಗಿಂತ ನಾಲಿಗೆ ಕಟ್ಟುವುದು ಕಷ್ಟವೆಂದು ಅವತ್ತು ತಿಳಿಯಿತು.

ಹೆಡ್‌ಮಾಸ್ಟರು ಮುಂದೆ ಬಾಗಿದರು. "ಏನೋ ಬಂದೈತಪ್ಪ ಇಲ್ಲಿ ಚಿತ್ರ. ಒಂದೇ ಒಂದ್ಸಲ ನಾನು ಒತ್ತಿಬಿಡ್ಲಾ?" ಎಂದು ಮೌಸಿನತ್ತ ಕೈ ನೀಡಿದರು.

"ಸಾರ್, ಕೈ ಕಟ್ಕಳ್ರಿ" ಎಂದುಬಿಟ್ಟೆ. ನನಗೆ ಗೊತ್ತಿಲ್ಲದೆ ಪಾಠದ ಕೋಣೆಯ ದನಿ ಬಂದಿತ್ತು. ಅವರು ಬೆಚ್ಚಿ ಕೈ ಹಿಂದೆಗೆದುಕೊಂಡರು. ಬಾಗಿಲ ಬಳಿ ಅಕ್ಕ ಕೆಮ್ಮಿದರು.

ಅಣ್ಣ ಅಂಗೈಯನ್ನು ಯಂತ್ರದ ಡಬ್ಬಿಯ ಮೇಲಿಟ್ಟರು, ಜ್ವರ ನೋಡುವ ಹಾಗೆ. "ಸಿ.ಡಿ. ತಿರುಗಿ ನಿಂತೈತೆ" ಎಂದರು ತಮ್ಮಷ್ಟಕ್ಕೆ. "ಅಂದ್ರೆ ಓದಿ ಮುಗಿಸ್ಯಾಳೆ. ಎದ್ದಾಳೆ. ಮಾತೂ ಆಡ್ತಿರಬೇಕು. ನಂಗೆ ಕೇಳಿಸ್ತಿಲ್ಲ ಅಷ್ಟೆ." ಡಬ್ಬಿಯ ಹಿಂದಕ್ಕೆ ಕೈ ಹಾಕಿ ಒಂದೊಂದೇ ವೈರು ಮುಟ್ಟುತ್ತಾ ಹೋದರು. ತೆಳ್ಳಗಿನದೊಂದನ್ನು ಹಿಡಿದು, ಅದರ ಗುಂಟ ಮೇಜಿನ ಮೇಲೆ ಬಂದು, ಸ್ಪೀಕರು ತಲುಪಿ, ಅದರ ಗುಂಡಿ ತಿರುಗಿಸಿದರು.

ಚಿಕ್ಕವಳು ಕೋಣೆ ನಡುಗುವಂತೆ ಚೀರಿದಳು. ಕಿಟಕಿಯ ಮಕ್ಕಳೆಲ್ಲ ಒಟ್ಟಿಗೆ ಕೂಗಿದರು.

"ಅಯ್ಯೋ, ಅದು ನಾನೇ ಆಫ್ ಮಾಡಿದ್ದು ಕಣಪ್ಪ" ಎಂದರು ಹೆಡ್‌ಮಾಸ್ಟರು, ನಾಚಿಕೊಂಡು. "ಹುಡುಗ್ರು ಹಾಡು ಹಾಕ್ಕಂಡು ಪಕ್ಕದ ಕ್ಲಾಸಿಗೆ ಗಲಾಟೆ ಮಾಡ್ತವೆ ಅಂತ."

"ಕುರುಡ್ರ ಇಸ್ಕೂಲಿನಾಗೆ ಲೈಟ್ ಆರಿಸ್ರಿ ಸಾರ್, ಪರವಾಗಿಲ್ಲ. ಸ್ಪೀಕರ್ ಆರಿಸಬ್ಯಾಡ್ರಿ" ಎಂದರು ಅಣ್ಣ. ಮಕ್ಕಳು ಇನ್ನೊಮ್ಮೆ ಕೂಗಿದರು. ಹೆಡ್‌ಮಾಸ್ಟರೂ ನಕ್ಕರು.

ಆಮೇಲಿನದು ಸರಾಗವಾಗಿ ಸಾಗಿತು. ಭಾಷೆ, ಊರಿನ ಸಮಯ, ಕೀಬೋರ್ಡು, ಒಂದೊಂದನ್ನೂ ಚಿಕ್ಕವಳು ಕೇಳಿದಳು, ಅಣ್ಣ ಉತ್ತರ ಕೊಟ್ಟರು. ಕೊನೆಗೆ ಡಿಸ್ಕಿನಲ್ಲಿರುವುದೆಲ್ಲ ಅಳಿಸಿ ಹೋಗುತ್ತದೆ, ಮುಂದುವರಿಯಲೇ ಎಂದು ಕೇಳುವ ಹೆಜ್ಜೆ ಬಂತು.

"ಸಾರ್, ಇದರಾಗೆ ಉಳಿಸ್ಕಳಾದು ಏನಾರ ಐತಾ?"

"ಹಾಡು ಬಿಟ್ರೆ ಏನಿಲ್ಲಪ್ಪ."

ಅಣ್ಣನ ಬಲಗೈ ಕಿರುಬೆರಳು ತಾನಾಗಿ ಕೀಬೋರ್ಡಿನ ಅಂಚಿಗೆ ಸರಿಯಿತು. ಬಲಗಡೆಯ ಕಂಟ್ರೋಲ್ ಕೀಯ ಮೇಲೆ ಒಮ್ಮೆ ಸವರಿತು. ನುಣುಪಾಗಿತ್ತು. ಬೀಜವಿರಲಿಲ್ಲ. ಬೆರಳು ಅಲ್ಲೇ ನಿಂತಿತು. ದಾಟಿ ಹೋಗಲು ಹೊರಗೊಂದು ಯಂತ್ರ ಅಲ್ಲಿರಲಿಲ್ಲ. ಟೈಂಪ್ಲೀಸೂ ಇರಲಿಲ್ಲ.

"ಇಲ್ಲಿ ಹೊಸ್ತಿಲಿಲ್ಲ" ಎಂದರು ಮೆಲ್ಲಗೆ. ನನಗೆ ಹೇಳಿದರೋ ಅಕ್ಕನಿಗೋ ತಿಳಿಯಲಿಲ್ಲ. ಉಸಿರು ಒಳಗೆಳೆದುಕೊಂಡು, ಕಿರುಬೆರಳನ್ನು ಎತ್ತಿ, ಎಂಟರ್ ಒತ್ತಿದರು.

ಅವತ್ತಿನ ಪುಟದಲ್ಲಿ ಹದ್ದಿನ ಕಲಮು ಖಾಲಿಯಿದೆ. ಪಕ್ಕದಲ್ಲಿ, ಹೆಡ್‌ಮಾಸ್ಟರ ಲೆಕ್ಕಕ್ಕೆ, ಒಂದು ಗೀಟು ಹಾಕಿದ್ದೇನೆ.

ದೀಪಾವಳಿಗೆ ಮುಂಚೆ ಅವರು ಬೂತು ಖಾಲಿ ಮಾಡಿ ಚಿತ್ರದುರ್ಗಕ್ಕೆ ಹೋದರು. ಆ ಜಾಗದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿ ಬಂತು. ನಾನು ಬಿಡುವಿದ್ದಾಗ ಶಾಲೆಗೆ ಹೋಗುತ್ತಿದ್ದೆ. ಆರೂ ಯಂತ್ರಗಳಲ್ಲಿ ಲಿನಕ್ಸ್ ಮಾತಾಡುತ್ತಿತ್ತು. ಆರರ ಒಳಗೂ ಮುರಿಯಲೆಂದೇ ಒಂದೊಂದು ಯಂತ್ರ ಕಟ್ಟಿದ್ದರು. ಆರು ಕೀಬೋರ್ಡಿನ ಮೇಲೂ ಅಕ್ಕ ತೇದ ಹುಣಸೆ ಬೀಜಗಳಿದ್ದವು. ಮಕ್ಕಳು ಓಡಿಬಂದು, "ಅಣ್ಣಾ, ನಾನು ಇವತ್ತು ಪೂರ್ತಿ ಕೆಡಿಸ್ದೆ!" ಎಂದು ಹೆಮ್ಮೆಯಿಂದ ಹೇಳುತ್ತಿದ್ದರು. ಅಣ್ಣ ಮುಖ ಗಂಟಿಕ್ಕಿಕೊಂಡು ಬೈಯುತ್ತಿದ್ದರು. ಬೈಗುಳದಲ್ಲಿ ಯಾರಿಗೂ ಕಡಿಮೆ ಮಾಡುತ್ತಿರಲಿಲ್ಲ. ಒಬ್ಬ ಹುಡುಗ, "ನಂಗೆ ಬೈಲೇ ಇಲ್ಲ" ಎಂದು ದೂರು ಹೇಳಿದ್ದನ್ನೂ ಕೇಳಿದ್ದೇನೆ.

ನಾನೀಗ ಸಿರಿಗೆರೆಯಲ್ಲಿ ಹುಡುಗರಿಗೆ ಕಂಪ್ಯೂಟರು ಕಲಿಸುತ್ತೇನೆ. ಬೇರೆ ಬೇರೆ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವ ಮಕ್ಕಳು. ಮೊದಲ ದಿನ ಕೀಬೋರ್ಡು ಮುಟ್ಟಲೂ ಹೆದರುತ್ತಾರೆ. ಅವರ ಹಿಂದೆ ನಿಂತಾಗ ನನ್ನ ಬಲಗೈ ಈಗಲೂ ಹಾರಲು ನೋಡುತ್ತದೆ, ಎಡಗೈಯಿಂದ ಹಿಡಿದುಕೊಳ್ಳುತ್ತೇನೆ. ನನಗೆ ಪಾಠ ಹೇಳುವುದು ಬರುತ್ತದೆಂದು ಯಾರಾದರೂ ಅಂದರೆ, ಅದು ಬಸ್‌ಸ್ಟ್ಯಾಂಡಿನ ಎದುರು, ಕೈಗೆ ಕನಕಾಂಬರ ಸುತ್ತಿಸಿಕೊಂಡು ಕಲಿತದ್ದು. ಹದ್ದಿನ ಕಲಮು ಈಗಲೂ ಇದೆ. ಪೂರ್ತಿ ಖಾಲಿಯಿರುವ ವಾರಗಳು ಅಪರೂಪ.

ಹೋದ ಗುರುವಾರ ಒಂದು ಫೋನು ಬಂತು. ಸಣ್ಣ ಹುಡುಗಿಯ ದನಿ.

"ಮೇಡಂ, ನಾನು ಭರಮಸಾಗರದೋಳು. ಇಲ್ಲಿ ಅಣ್ಣನ ಇಸ್ಕೂಲಿನಾಗೆ ಓದ್ತೀನಿ. ಒಳಗಿನ ಮಿಷನ್‌ದೆಲ್ಲ ಕಲ್ತಾಯ್ತು. ಶನಿವಾರ ನಿಜವಾದ ಮಿಷನ್‌ಗೆ ಹಾಕ್ತೀನಿ, ಒಬ್ಬಳೇ. ನೀವು ಬರಬೇಕಂತೆ."

"ಬರ್ತೀನಿ ಕಣವ್ವ" ಎಂದೆ. "ನಾನೇನು ಮಾಡಬೇಕು?"

ಆ ಕಡೆ ಫೋನಿಗೆ ಕೈ ಅಡ್ಡ ಹಿಡಿದು ಯಾರನ್ನೋ ಕೇಳಿದ ಸದ್ದು. ಹಿಂದೆ ಯಾರೋ ಭುಜ ಕುಲುಕಿಸಿ ನಗುತ್ತಿರುವುದು ನನಗೆ ಕಾಣುವಷ್ಟು ಚೆನ್ನಾಗಿ ಕೇಳಿಸಿತು. ಹುಡುಗಿ ಮತ್ತೆ ಬಂದಳು.

"ಕೈ ಕಟ್ಕಂಡು ಕುಂತ್ಕಬೇಕಂತೆ ಮೇಡಂ. ಅದು ನಿಮಗೆ ಚೆನ್ನಾಗಿ ಬರ್ತತಂತೆ."